ಎರಡನೇ ಮಗುವಿಗೂ ಅದೇ ಸ್ಟ್ರೋಲರ್ ಸಾಕೇ? ಕೊಳ್ಳುವ ಮೊದಲು ತಿಳಿಯಬೇಕಾದ ವಿಷಯಗಳು

ಹಿಂದೆ ನಮ್ಮ ಕರಾವಳಿಯ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳುವ ಕೈಗಳಿಗೆ ಬರವಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಅತ್ತೆ, ನೆರೆಮನೆಯ ಅಕ್ಕ ಹೀಗೆ ಯಾರಾದರೊಬ್ಬರು ಇರುತ್ತಿದ್ದರು. ಇಂದು ಮಂಗಳೂರು, ಉಡುಪಿಯ ಫ್ಲ್ಯಾಟುಗಳಲ್ಲಿ ಗಂಡ, ಹೆಂಡತಿ ಮತ್ತು ಮಗು ಮಾತ್ರ ಇರುವ ಮನೆಗಳು ಹೆಚ್ಚಾಗಿವೆ. ಗಲ್ಫ್ ನಾಡುಗಳಲ್ಲಿ ದುಡಿಯುವ ನಮ್ಮ ಕುಟುಂಬಗಳ ಸ್ಥಿತಿಯೂ ಇದೇ. ಆದ್ದರಿಂದ ಹಿಂದೆ ಶ್ರೀಮಂತರ ವಸ್ತುವೆನಿಸಿದ್ದ ಸ್ಟ್ರೋಲರ್, ಅಂದರೆ ನಮ್ಮ ಹಿರಿಯರು ಪ್ರಾಮ್ ಎಂದು ಕರೆಯುತ್ತಿದ್ದ ಮಕ್ಕಳ ಗಾಡಿ, ಈಗ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ.

ಮೊದಲ ಮಗುವಿಗೆ ಗಾಡಿ ಕೊಳ್ಳುವುದು ಅಷ್ಟು ಕಷ್ಟವಲ್ಲ. ಆ ಮಗು ಇನ್ನೂ ಸರಿಯಾಗಿ ನಡೆಯಲು ಕಲಿಯುವ ಮೊದಲೇ ಎರಡನೆಯದು ಬರುವ ಸೂಚನೆ ಸಿಕ್ಕಿದಾಗ ಪ್ರಶ್ನೆ ಏಳುತ್ತದೆ. ಹಳೆಯ ಗಾಡಿ ಸಾಕೇ? ಇಬ್ಬರು ಕುಳಿತುಕೊಳ್ಳುವ ಹೊಸದು ಬೇಕೇ? ಅಂಗಡಿಯವರು ಇದಕ್ಕೆ ಕೊಡುವ ಉತ್ತರ 'ಕನ್ವರ್ಟಿಬಲ್ ಸ್ಟ್ರೋಲರ್'. ಇವುಗಳ ಬೆಲೆ ಕೆಲವು ಸಾವಿರದಿಂದ ಹಿಡಿದು ಲಕ್ಷ ರೂಪಾಯಿ ದಾಟುವುದೂ ಉಂಟು. ಇಷ್ಟು ಹಣ ಹಾಕುವ ಮೊದಲು ಅದು ಏನು, ಯಾರಿಗೆ ಉಪಯುಕ್ತ, ಯಾರಿಗೆ ಅಗತ್ಯವಿಲ್ಲ ಎಂಬುದನ್ನು ತಿಳಿಯೋಣ.

ಸ್ವಲ್ಪ ಹಿನ್ನೆಲೆ

ಮಕ್ಕಳ ಗಾಡಿಯ ಕಥೆ 1733ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ಸಣ್ಣ ಪ್ರಾಣಿಯೊಂದು ಎಳೆಯುವ ಗಾಡಿ ಮಾಡಿಕೊಟ್ಟ. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಮಗುವಿನ ಮುಖವನ್ನು ತಾಯಿಯ ಕಡೆಗೂ ಎದುರಿಗೂ ತಿರುಗಿಸಬಹುದಾದ ಗಾಡಿಗೆ ಹಕ್ಕುಪತ್ರ ಪಡೆದ. 1965ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಜೋಡಣೆಯಲ್ಲಿ ಕೆಲಸ ಮಾಡಿದ್ದ ಓವನ್ ಮ್ಯಾಕ್ಲಾರೆನ್, ಕೊಡೆಯಂತೆ ಮಡಚಬಲ್ಲ ಹಗುರವಾದ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದರು. ಇಂದಿನ ಕನ್ವರ್ಟಿಬಲ್ ಗಾಡಿಗಳಲ್ಲಿ ತಿರುಗುವ ಸೀಟು ಮತ್ತು ಮಡಚುವ ಚೌಕಟ್ಟು ಎರಡೂ ಇವೆ. ಅವುಗಳ ಜೊತೆಗೆ ಎರಡನೇ ಸೀಟಿಗೆ ಜಾಗವೂ ಸೇರಿದೆ.

ಒಂದು ಹೆಸರು, ಮೂರು ಅರ್ಥ

'ಕನ್ವರ್ಟಿಬಲ್' ಎಂಬ ಪದವನ್ನು ಅಂಗಡಿಗಳಲ್ಲಿ ಮೂರು ಬೇರೆ ಬೇರೆ ಗಾಡಿಗಳಿಗೆ ಬಳಸುತ್ತಾರೆ. ಗೊಂದಲ ಇಲ್ಲಿಂದಲೇ ಆರಂಭವಾಗುತ್ತದೆ.

1. ತೊಟ್ಟಿಲಿನಿಂದ ಸೀಟಿಗೆ ಬದಲಾಗುವುದು: ಹುಟ್ಟಿದ ಮಗು ಅಂಗಾತ ಮಲಗಲು ಸಪಾಟಾದ ತೊಟ್ಟಿಲು, ಮುಂದೆ ಅದೇ ಜಾಗದಲ್ಲಿ ಕುಳಿತುಕೊಳ್ಳುವ ಸೀಟು. ತೊಟ್ಟಿಲಿನ ಬಳಕೆ ಸಾಮಾನ್ಯವಾಗಿ ಮೊದಲ ಆರು ತಿಂಗಳು ಅಥವಾ ಸುಮಾರು 9 ಕಿಲೋ ತೂಕದವರೆಗೆ ಮಾತ್ರ. ಇದು ಒಂದೇ ಮಗುವಿನ ಗಾಡಿ.

2. ಕಾರಿನ ಸೀಟು ಕೂರುವುದು: ಕಾರಿನಲ್ಲಿ ಬಳಸುವ ಶಿಶುಸೀಟನ್ನು ತೆಗೆದು ನೇರವಾಗಿ ಗಾಡಿಯ ಚೌಕಟ್ಟಿಗೆ ಸಿಕ್ಕಿಸಬಹುದು. ಇದೂ ಒಂದೇ ಮಗುವಿನ ಗಾಡಿ.

3. ಒಂದರಿಂದ ಎರಡಾಗುವುದು: ಇಂದು ಒಂದು ಸೀಟು, ನಾಳೆ ಅಡಾಪ್ಟರ್ ಎಂಬ ಜೋಡಣೆಯ ಭಾಗ ಹಾಕಿ ಎರಡನೇ ಸೀಟು. ಬೆಳೆಯುವ ಕುಟುಂಬಕ್ಕೆ ಬೇಕಾದುದು ಇದು.

ಆದುದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, "ಇದೇ ಚೌಕಟ್ಟಿನ ಮೇಲೆ ಎರಡನೇ ಸೀಟು ಕೂರುತ್ತದೆಯೇ? ಕೂರಿಸಿ ತೋರಿಸಿ" ಎಂಬುದು. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಮಾತ್ರ ನಂಬಬಾರದು.

ಎಷ್ಟು ತಿಂಗಳ ಅಗತ್ಯ?

ಬಣ್ಣ, ಬ್ರ್ಯಾಂಡ್ ನೋಡುವ ಮೊದಲು ಇಬ್ಬರು ಮಕ್ಕಳ ನಡುವಿನ ಅಂತರವನ್ನು ಲೆಕ್ಕ ಹಾಕಬೇಕು.

ಅಂತರ ಎರಡು ವರ್ಷಕ್ಕಿಂತ ಕಡಿಮೆಯಿದ್ದರೆ, ಎರಡನೇ ಮಗು ಹುಟ್ಟಿದಾಗ ಮೊದಲನೆಯದು ನಡೆದರೂ ದೂರ ನಡೆಯಲಾರದು. ಮಧ್ಯದಲ್ಲೇ ಕುಳಿತುಬಿಡುತ್ತದೆ, ಅಥವಾ ರಸ್ತೆಗೆ ಓಡುತ್ತದೆ. ಅಂಥ ಮನೆಗೆ ಸುಮಾರು ಒಂದರಿಂದ ಒಂದೂವರೆ ವರ್ಷ ಎರಡು ಸೀಟಿನ ಗಾಡಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಅಂತರ ಮೂರು ವರ್ಷವಿದ್ದರೆ ದೊಡ್ಡ ಮಗು ಹೆಚ್ಚಿನ ಸಮಯ ನಡೆದೇ ಬರುತ್ತದೆ. ಹಳೆಯ ಗಾಡಿಯ ಹಿಂಭಾಗಕ್ಕೆ ಸಿಕ್ಕಿಸುವ, ಎರಡು ಸಣ್ಣ ಚಕ್ರಗಳ ನಿಲ್ಲುವ ಹಲಗೆ ಅಂಥವರಿಗೆ ಸಾಕಾಗುತ್ತದೆ. ಈ ಹಲಗೆಗಳು ಸಾಮಾನ್ಯವಾಗಿ 20 ಕಿಲೋ ಆಸುಪಾಸಿನ ತೂಕ ತಡೆಯುತ್ತವೆ. ಆದರೆ ಅದು ನಿಮ್ಮ ಗಾಡಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು.

ಅವಳಿ ಮಕ್ಕಳಾದರೆ ವಿಷಯ ಬೇರೆ. ಅವರಿಬ್ಬರಿಗೂ ಮೊದಲ ದಿನದಿಂದಲೇ ಸಪಾಟಾಗಿ ಮಲಗುವ ಜಾಗ ಬೇಕು. ಒಂದರಿಂದ ಎರಡಾಗುವ ಅನೇಕ ಗಾಡಿಗಳಲ್ಲಿ ಎರಡನೇ ಸೀಟು ನವಜಾತ ಶಿಶುವಿಗೆ ತಕ್ಕುದಲ್ಲ, ಕುಳಿತುಕೊಳ್ಳಲು ಕಲಿತ ಮಗುವಿಗೆ ಮಾತ್ರ. ಅವಳಿಗಳ ತಂದೆತಾಯಿ ಈ ಅಂಶವನ್ನು ಖಾತ್ರಿಪಡಿಸಿಕೊಳ್ಳದೆ ಹಣ ಕೊಡಬಾರದು.

ತೂಕದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಗಂಡುಮಗುವಿನ ಮಧ್ಯಮ ತೂಕ ಹುಟ್ಟಿದಾಗ 3.3 ಕಿಲೋ, ಒಂದು ವರ್ಷಕ್ಕೆ 9.6, ಎರಡು ವರ್ಷಕ್ಕೆ 12.2, ಮೂರು ವರ್ಷಕ್ಕೆ 14.3 ಕಿಲೋ. ಹೆಣ್ಣುಮಗುವಿನದು ಇದಕ್ಕಿಂತ ತುಸು ಕಡಿಮೆ. ಈಗ ಕೂಡಿಸಿ ನೋಡೋಣ.

ಎರಡು ವರ್ಷದ ಮಗು ಮತ್ತು ನವಜಾತ ಶಿಶು ಸೇರಿ ಸುಮಾರು 15.5 ಕಿಲೋ. ಎರಡಾಗಬಲ್ಲ ಗಾಡಿಗಳು ತಾವೇ 12-13 ಕಿಲೋ ತೂಗುವುದು ಸಾಮಾನ್ಯ. ಅದರ ಮೇಲೆ ಎರಡನೇ ಸೀಟು, ಹಾಲಿನ ಬಾಟಲಿ, ಬಟ್ಟೆಯ ಚೀಲ. ಒಟ್ಟು 30 ಕಿಲೋ ದಾಟಿತು. ಒಂದು ವರ್ಷದ ನಂತರ ಮಕ್ಕಳೇ ಸುಮಾರು 24 ಕಿಲೋ ಆಗುತ್ತಾರೆ. ಆಗ ತಾಯಿ ತಳ್ಳಬೇಕಾದುದು 40 ಕಿಲೋ ಆಸುಪಾಸು. ಸಮತಟ್ಟಾದ ಮಾಲ್‌ನಲ್ಲಿ ಇದು ಬೆರಳಲ್ಲಿ ತಳ್ಳಿದಂತೆ ಹೋಗುತ್ತದೆ. ನಮ್ಮ ಗುಡ್ಡದ ಏರಿನಲ್ಲಿ ಹಾಗಲ್ಲ. ಸಿಸೇರಿಯನ್ ಆದ ತಾಯಿಗಂತೂ ಮೊದಲ ವಾರಗಳಲ್ಲಿ ಇಂಥ ಗಾಡಿಯನ್ನು ತಳ್ಳುವುದಾಗಲಿ ಎತ್ತುವುದಾಗಲಿ ಸಲ್ಲದು. ಯಾವಾಗ ಆರಂಭಿಸಬಹುದೆಂದು ವೈದ್ಯರಲ್ಲಿ ಕೇಳಬೇಕು.

ಪ್ರತಿ ಸೀಟಿಗೂ ತೂಕದ ಮಿತಿ ಇರುತ್ತದೆ. ಯುರೋಪಿನ ಇಎನ್ 1888 ಮಾನದಂಡದಲ್ಲಿ ಎರಡು ಭಾಗಗಳಿವೆ. ಒಂದು 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಇನ್ನೊಂದು 15ರಿಂದ 22 ಕಿಲೋವರೆಗೆ. ಮೂರು ವರ್ಷಕ್ಕೇ 14 ಕಿಲೋ ಆಗುವ ಮಗುವಿಗೆ 15 ಕಿಲೋ ಮಿತಿಯ ಸೀಟು ಹೆಚ್ಚು ಕಾಲ ಬಾರದು. ದೊಡ್ಡ ಮಗುವಿನ ಸೀಟಿಗೆ 22 ಕಿಲೋ ಮಿತಿ ಇದ್ದರೆ ಒಳ್ಳೆಯದು. ಅಮೆರಿಕದ ಮಾನದಂಡ ಎಎಸ್‌ಟಿಎಂ ಎಫ್833. ಇವೆರಡರಲ್ಲಿ ಒಂದಾದರೂ ಗಾಡಿಯ ಲೇಬಲ್ ಮೇಲೆ ಇದೆಯೇ ಎಂದು ನೋಡಿಕೊಳ್ಳಿ.

ಹಿಂದೆಮುಂದೆಯೋ, ಅಕ್ಕಪಕ್ಕವೋ?

ಎರಡು ಸೀಟಿನ ಗಾಡಿಗಳಲ್ಲಿ ಎರಡು ಬಗೆ. ಒಂದರಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು, ಅಥವಾ ಒಬ್ಬರು ಮೇಲೆ ಒಬ್ಬರು ಕೆಳಗೆ ಕೂರುತ್ತಾರೆ. ಇನ್ನೊಂದರಲ್ಲಿ ಅಕ್ಕಪಕ್ಕ.

ಹಿಂದೆಮುಂದೆ ಕೂರುವ ಗಾಡಿಯ ಅಗಲ ಒಂದು ಮಗುವಿನ ಗಾಡಿಯಷ್ಟೇ ಇರುತ್ತದೆ. ಬಾಗಿಲು, ಲಿಫ್ಟ್, ಅಂಗಡಿಯ ಓಣಿ ಇವುಗಳಲ್ಲಿ ಸುಲಭವಾಗಿ ಸಾಗುತ್ತದೆ. ಆದರೆ ಉದ್ದ ಹೆಚ್ಚು, ತಿರುವು ಕಷ್ಟ. ರಸ್ತೆಯ ಅಂಚಿನ ಮೆಟ್ಟಿಲು ಹತ್ತಿಸುವಾಗ ಮುಂಭಾಗ ಭಾರವಾಗುತ್ತದೆ. ಕೆಳಗಿನ ಸೀಟಿನ ಮಗುವಿಗೆ ಗಾಳಿ, ನೋಟ ಎರಡೂ ಕಡಿಮೆ.

ಅಕ್ಕಪಕ್ಕದ ಗಾಡಿಯಲ್ಲಿ ಮಕ್ಕಳಿಬ್ಬರಿಗೂ ಸಮಾನ ಜಾಗ ಸಿಗುತ್ತದೆ, ಗಾಡಿಯ ಸಮತೋಲನವೂ ಉತ್ತಮ. ಆದರೆ ಅಗಲ ಹೆಚ್ಚು. ಒಂದು ಉದಾಹರಣೆ: 2011ರಲ್ಲಿ ಬಂದ ಬುಗಾಬೂ ಡಾಂಕಿ ಎಂಬ ಗಾಡಿ ಒಂದು ಸೀಟಿರುವಾಗ 60 ಸೆಂಟಿಮೀಟರ್, ಎರಡು ಸೀಟಿಗೆ ಹಿಗ್ಗಿಸಿದಾಗ 74 ಸೆಂಟಿಮೀಟರ್ ಅಗಲವಾಗುತ್ತದೆ. ಎರಡೂವರೆ ಅಡಿಯ ಬಾಗಿಲು ಎಂದರೆ 76 ಸೆಂಟಿಮೀಟರ್. ಚೌಕಟ್ಟು ಮತ್ತು ಬಾಗಿಲ ಹಲಗೆಯ ದಪ್ಪ ಕಳೆದರೆ ಅದರೊಳಗೆ ಈ ಗಾಡಿ ಹೋಗಲಾರದು. ಮೂರು ಅಡಿಯ ಬಾಗಿಲಿದ್ದರೆ ತೊಂದರೆಯಿಲ್ಲ. ಆದುದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಅಳತೆಯ ಟೇಪ್ ಹಿಡಿದು ಮನೆಯ ಬಾಗಿಲು, ಲಿಫ್ಟಿನ ಬಾಗಿಲು ಮತ್ತು ಕಾರಿನ ಡಿಕ್ಕಿ ಈ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ.

ನಮ್ಮ ಮಳೆ, ನಮ್ಮ ರಸ್ತೆ

ಈ ಗಾಡಿಗಳನ್ನು ಬಹುಪಾಲು ಅಗಲವಾದ ಕಾಲುದಾರಿಗಳಿರುವ ಊರುಗಳಿಗಾಗಿ ರೂಪಿಸಿದ್ದಾರೆ. ನಮ್ಮಲ್ಲಿ ಕೆಂಪುಕಲ್ಲಿನ ಅಂಗಳ, ಜಲ್ಲಿ ಎದ್ದ ಓಣಿ, ಇಳಿಜಾರು, ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಸಣ್ಣ ಪ್ಲಾಸ್ಟಿಕ್ ಚಕ್ರಗಳು ಚಪ್ಪಡಿಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹಳ್ಳಿಯ ಕಡೆ ಇರುವವರಿಗೆ ದೊಡ್ಡ ರಬ್ಬರ್ ಚಕ್ರ ಮತ್ತು ಸ್ಪ್ರಿಂಗ್ ಇರುವ ಗಾಡಿ ಅವಶ್ಯ. ಗಾಳಿ ತುಂಬುವ ಟಯರು ಮೆತ್ತಗೆ ಸಾಗುತ್ತದೆ, ಆದರೆ ಪಂಕ್ಚರ್ ಆಗುತ್ತದೆ. ಗಟ್ಟಿ ಫೋಮ್ ತುಂಬಿದ ಟಯರಿಗೆ ಆ ಚಿಂತೆಯಿಲ್ಲ.

ಸ್ಟ್ರೋಲರಿನ ಬ್ರೇಕ್ ಹೆಚ್ಚಾಗಿ ನಿಲ್ಲಿಸಿದಾಗ ಹಾಕುವಂಥದ್ದು. ಸೈಕಲ್ಲಿನ ಬ್ರೇಕಿನಂತೆ ಇಳಿಜಾರಿನಲ್ಲಿ ವೇಗ ತಗ್ಗಿಸುವುದಿಲ್ಲ. 40 ಕಿಲೋ ಭಾರದ ಗಾಡಿ ಇಳಿಜಾರಿನಲ್ಲಿ ಕೈಬಿಟ್ಟರೆ ನಿಲ್ಲಿಸುವುದು ಕಷ್ಟ. ಹಿಡಿಕೆಗೆ ಕೈಮಣಿಕಟ್ಟಿನ ಪಟ್ಟಿ ಇದ್ದರೆ ತಪ್ಪದೆ ಹಾಕಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸೀಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯನ್ನು ಪೂರ್ತಿ ಕಳಚಿ ಒಗೆಯಲು ಬರುವ ಗಾಡಿಯನ್ನೇ ಆರಿಸಿ, ಒದ್ದೆಯಾಗಿರುವಾಗ ಮಡಚಿ ಇಡಬೇಡಿ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಹೆಚ್ಚು ಬಾಳುತ್ತದೆ, ಆದರೂ ಅದರ ಸ್ಕ್ರೂಗಳನ್ನು ಆಗಾಗ ನೋಡಬೇಕು. ಸಮುದ್ರತೀರಕ್ಕೆ ಕೊಂಡುಹೋದರೆ ಮರಳಿ ಬಂದ ಮೇಲೆ ಚಕ್ರಗಳನ್ನು ಸಿಹಿನೀರಿನಲ್ಲಿ ತೊಳೆದು ಮರಳು ತೆಗೆಯಿರಿ.

ಬಿಸಿಲಿಗೆಂದು ಗಾಡಿಯ ಮೇಲೆ ಶಾಲು ಹೊದಿಸುವ ಅಭ್ಯಾಸ ಅನೇಕರಲ್ಲಿದೆ. ಇದು ಅಪಾಯ. ಸಿಡ್ನಿ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಣ ಬಟ್ಟೆ ಮುಚ್ಚಿದಾಗ ಗಾಡಿಯೊಳಗಿನ ಶಾಖ ಹೆಚ್ಚಿತ್ತು. ಒದ್ದೆ ಮಾಡಿದ ತೆಳು ಬಟ್ಟೆಯ ಜೊತೆಗೆ ಸಣ್ಣ ಫ್ಯಾನ್ ಇಟ್ಟಾಗ ಶಾಖ ತಗ್ಗಿತ್ತು. ಆದರೆ ಒದ್ದೆ ಬಟ್ಟೆ ತಂಪು ಕೊಡುವುದು ಅದರ ನೀರು ಆರುವಾಗ. ಏಪ್ರಿಲ್, ಮೇ ತಿಂಗಳಲ್ಲಿ ತೇವ ತುಂಬಿದ ನಮ್ಮ ಗಾಳಿಯಲ್ಲಿ ನೀರು ಬೇಗ ಆರುವುದಿಲ್ಲ. ಗಾಡಿಗೇ ಅಗಲವಾದ, ಗಾಳಿಕಿಂಡಿ ಇರುವ ಮಾಡು ಇರಲಿ. ನಡು ಮಧ್ಯಾಹ್ನ ಮಗುವನ್ನು ಹೊರಗೆ ಒಯ್ಯದಿರುವುದೇ ಲೇಸು.

ಮಡಚಿ ನೋಡಿ

ಒಂದು ಸೀಟಿರುವಾಗ ಸಲೀಸಾಗಿ ಮಡಚುವ ಗಾಡಿ, ಎರಡನೇ ಸೀಟು ಹಾಕಿದ ಮೇಲೆ ಮಡಚದಿರಬಹುದು. ಅನೇಕ ಮಾದರಿಗಳಲ್ಲಿ ಎರಡನೇ ಸೀಟನ್ನು ಕಳಚಿಯೇ ಮಡಚಬೇಕು. ರಿಕ್ಷಾ ನಿಲ್ಲಿಸಿ, ಸುರಿಯುವ ಮಳೆಯಲ್ಲಿ, ಒಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಇದನ್ನು ಮಾಡಲು ಸಾಧ್ಯವೇ ಎಂದು ಯೋಚಿಸಿ. ಬಸ್ಸು ಮತ್ತು ರಿಕ್ಷಾವನ್ನೇ ನೆಚ್ಚಿರುವ ಕುಟುಂಬಕ್ಕೆ ದೊಡ್ಡ ಗಾಡಿಗಿಂತ, ದೊಡ್ಡ ಮಗುವಿಗೆ ಹಗುರವಾದ ಮಡಚುವ ಗಾಡಿ ಮತ್ತು ಚಿಕ್ಕದಕ್ಕೆ ಎದೆಗೆ ಕಟ್ಟಿಕೊಳ್ಳುವ ಚೀಲ ಹೆಚ್ಚು ಅನುಕೂಲ. ಚೀಲದಲ್ಲಿ ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿಕೊಳ್ಳಬಾರದು.

ಅಂಗಡಿಯಲ್ಲಿ ನೀವೇ, ಮುಖ್ಯವಾಗಿ ದಿನವೂ ಅದನ್ನು ಬಳಸುವವರೇ, ಎರಡು ಸೀಟಿನ ಗಾಡಿಯನ್ನು ಮಡಚಿ, ಎತ್ತಿ, ಕಾರಿನ ಡಿಕ್ಕಿಯಲ್ಲಿಟ್ಟು ನೋಡಿ. ವಿಮಾನದಲ್ಲಿ ಊರಿಗೆ ಬಂದುಹೋಗುವವರು ಎಷ್ಟು ದೊಡ್ಡ ಗಾಡಿಯನ್ನು ವಿಮಾನದ ಬಾಗಿಲ ತನಕ ಬಿಡುತ್ತಾರೆಂದು ವಿಮಾನ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಬೇಕು. ನಿಯಮ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ.

ಸುರಕ್ಷತೆಯಲ್ಲಿ ರಾಜಿ ಬೇಡ

• ಎರಡೂ ಸೀಟಿಗೆ ಐದು ಕಡೆ ಕಟ್ಟುವ ಬೆಲ್ಟ್ ಇರಬೇಕು: ಎರಡು ಭುಜ, ಎರಡು ಸೊಂಟ, ಒಂದು ಕಾಲುಗಳ ನಡುವೆ.

• ಮಡಚುವ ಸಂದಿಯಲ್ಲಿ ಬೆರಳು ಸಿಕ್ಕುವ ಅಪಾಯವಿದೆ. 2009ರ ನವೆಂಬರ್‌ನಲ್ಲಿ ಮ್ಯಾಕ್ಲಾರೆನ್ ಕಂಪೆನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಸಂದಿಗೆ ಮುಚ್ಚಳ ಒದಗಿಸಬೇಕಾಯಿತು. ಅಲ್ಲಿ 12 ಮಕ್ಕಳ ಬೆರಳತುದಿ ತುಂಡಾದ ಪ್ರಕರಣಗಳು ವರದಿಯಾಗಿದ್ದವು. ಗಾಡಿ ಬಿಡಿಸುವಾಗ, ಮಡಚುವಾಗ ದೊಡ್ಡ ಮಗುವನ್ನು ದೂರ ನಿಲ್ಲಿಸಿ.

• ಹಿಡಿಕೆಗೆ ಭಾರದ ಚೀಲ ನೇತುಹಾಕಬೇಡಿ. ಮುಂದಿನ ಸೀಟಿನ ಮಗುವನ್ನು ಎತ್ತಿದೊಡನೆ ಗಾಡಿ ಹಿಂದಕ್ಕೆ ಮಗುಚಬಹುದು. ಸಾಮಾನನ್ನು ಕೆಳಗಿನ ಬುಟ್ಟಿಯಲ್ಲಿಡಿ.

• ಯಾವ ಸೀಟಿನಲ್ಲಿ ದೊಡ್ಡ ಮಗು, ಯಾವುದರಲ್ಲಿ ಚಿಕ್ಕದು, ಯಾರನ್ನು ಮೊದಲು ಕೂರಿಸಬೇಕು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ಓದಿ ಹಾಗೆಯೇ ಮಾಡಿ. ಬ್ರೇಕ್ ಹಾಕಿದ ಮೇಲೆಯೇ ಹತ್ತಿಸಿ, ಇಳಿಸಿ. ದೊಡ್ಡದು ತಾನಾಗಿ ಏರಲು ಬಿಡಬೇಡಿ.

• ಕುತ್ತಿಗೆ ನಿಲ್ಲದ ಮಗುವನ್ನು ಓರೆ ಸೀಟಿನಲ್ಲಿ ಕೂರಿಸಬಾರದು. ತಲೆ ಮುಂದಕ್ಕೆ ಬಾಗಿದರೆ ಉಸಿರಾಟಕ್ಕೆ ತೊಂದರೆ. ಸ್ಟ್ರೋಲರ್ ಮತ್ತು ಕಾರಿನ ಸೀಟನ್ನು ದಿನನಿತ್ಯದ ನಿದ್ದೆಗೆ ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಾಲ್ಕು ತಿಂಗಳೊಳಗಿನ ಶಿಶುಗಳಿಗೆ ಈ ಅಪಾಯ ಹೆಚ್ಚು. ದಾರಿಯಲ್ಲಿ ನಿದ್ದೆ ಹೋದರೆ, ಮನೆ ಮುಟ್ಟಿದ ಕೂಡಲೇ ಸಪಾಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

• ಸ್ಟ್ರೋಲರಿನ ಸೀಟು ಕಾರಿನ ಸೀಟಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾಸೀಟು ಇಲ್ಲದೆ ಕಾರಿನಲ್ಲಿ ಒಯ್ದರೆ 1000 ರೂಪಾಯಿ ದಂಡವಿದೆ. ಹಣ ಒಂದಕ್ಕೇ ಸಾಲುವುದಾದರೆ, ಕಾರಿರುವ ಮನೆಯವರು ಮೊದಲು ಕಾರಿನ ಸುರಕ್ಷಾಸೀಟು ಕೊಳ್ಳಲಿ.

ಉಡುಗೊರೆ ಮತ್ತು ಹಳೆಯ ಗಾಡಿ

ನಮ್ಮಲ್ಲಿ ಎಷ್ಟೋ ಗಾಡಿಗಳು ದುಬೈ, ಕುವೈತಿನ ಅಣ್ಣನೋ ಅತ್ತಿಗೆಯೋ ಪ್ರೀತಿಯಿಂದ ಕಳುಹಿಸಿದವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡನೇ ಸೀಟು ಮತ್ತು ಅಡಾಪ್ಟರನ್ನು ಹೆಚ್ಚಾಗಿ ಬೇರೆಯಾಗಿ ಕೊಳ್ಳಬೇಕು. ಕಂಪೆನಿಗಳು ಮಾದರಿ ಬದಲಿಸುತ್ತಿರುತ್ತವೆ, ಹೊಸ ಮಾದರಿಯ ಸೀಟು ಹಳೆಯ ಚೌಕಟ್ಟಿಗೆ ಕೂರದಿರಬಹುದು. ಎರಡು ವರ್ಷ ಕಳೆದು ಎರಡನೇ ಮಗು ಬಂದಾಗ ಆ ಭಾಗ ಸಿಗದೆ ಹೋದರೆ, 'ಕನ್ವರ್ಟಿಬಲ್' ಎಂದು ಕೊಟ್ಟ ಹೆಚ್ಚಿನ ಹಣ ವ್ಯರ್ಥ. ಆದುದರಿಂದ ಎರಡನೇ ಮಗುವಿನ ಯೋಚನೆ ಇರುವವರು ಅಡಾಪ್ಟರನ್ನಾದರೂ ಗಾಡಿಯ ಜೊತೆಗೇ ಕೊಳ್ಳಲಿ. ಬಿಲ್ಲು, ಮಾದರಿಯ ಸಂಖ್ಯೆ ಮತ್ತು ಕೈಪಿಡಿಯನ್ನು ಜೋಪಾನವಾಗಿಡಲಿ. ಹೊರದೇಶದ ಗ್ಯಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಲಿ.

ಸಂಬಂಧಿಕರ ಮನೆಯ ಹಳೆಯ ಗಾಡಿ ಪಡೆಯುವುದರಲ್ಲಿ ಸಂಕೋಚ ಬೇಡ. ಬ್ರೇಕ್ ಹಿಡಿಯುತ್ತದೆಯೇ, ಬೆಲ್ಟಿನ ಕೊಂಡಿ ಗಟ್ಟಿಯಿದೆಯೇ, ಮಡಚುವ ಲಾಕ್ ತಾನಾಗಿ ಬಿಡುತ್ತದೆಯೇ, ಚೌಕಟ್ಟಿನಲ್ಲಿ ಬಿರುಕು, ತುಕ್ಕು ಇದೆಯೇ ಎಂದು ನೋಡಿ. ಆ ಮಾದರಿಯನ್ನು ಕಂಪೆನಿ ಯಾವಾಗಲಾದರೂ ಹಿಂದಕ್ಕೆ ಕರೆಸಿಕೊಂಡಿತ್ತೇ ಎಂದು ಮಾದರಿ ಸಂಖ್ಯೆಯಿಂದ ತಿಳಿದುಕೊಳ್ಳಿ. ಹಳೆಯ ಕಾರಿನ ಸೀಟಿನ ವಿಷಯದಲ್ಲಿ ಮಾತ್ರ ಹೆಚ್ಚು ಜಾಗ್ರತೆ ಇರಲಿ. ಅಪಘಾತಕ್ಕೊಳಗಾದ ಕಾರಿನಲ್ಲಿದ್ದ ಸೀಟನ್ನು ಬಳಸಲೇಬಾರದು.

ಚರ್ಚ್ ಸೇವಕರಿಗೆ ಒಂದು ಮಾತು

ಎಳೆಯ ಮಕ್ಕಳಿರುವ ತಾಯಂದಿರು ಭಾನುವಾರದ ಬಲಿಪೂಜೆಗೆ ಬರಲು ಹಿಂಜರಿಯುವುದಕ್ಕೆ ಮೆಟ್ಟಿಲುಗಳೂ ಒಂದು ಕಾರಣ. ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು ದಾರಿ ಸ್ಟ್ರೋಲರಿಗೂ ಆಗುತ್ತದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಎಂಬುದು ಅದರ ಸಾಮಾನ್ಯ ಲೆಕ್ಕ. ಹಿಂಬದಿಯ ಒಂದೆರಡು ಬೆಂಚುಗಳ ಪಕ್ಕ ಗಾಡಿ ನಿಲ್ಲಿಸಲು ಜಾಗ ಬಿಟ್ಟರೆ ನಡುವಿನ ಓಣಿಯೂ ಹೊರಹೋಗುವ ಬಾಗಿಲೂ ತೆರವಾಗಿರುತ್ತವೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಪಾಲನಾ ಮಂಡಳಿಯ ಒಂದು ಸಭೆಯಲ್ಲಿ ಮಾತನಾಡಿದರೆ ಸಾಕು.

ಕೊನೆಯದಾಗಿ

ಹಣ ಕೊಡುವ ಮೊದಲು ಈ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆಯೇ ನೋಡಿ:

1. ನಮ್ಮ ಮಕ್ಕಳ ನಡುವಿನ ಅಂತರ ಎಷ್ಟು? ಎರಡು ಸೀಟು ಎಷ್ಟು ತಿಂಗಳು ಬೇಕು?
2. ಎರಡನೇ ಸೀಟು ಎಷ್ಟು ತಿಂಗಳ ಮಗುವಿಗೆ, ಎಷ್ಟು ಕಿಲೋವರೆಗೆ?
3. ಮನೆಯ ಬಾಗಿಲು, ಲಿಫ್ಟ್, ಕಾರಿನ ಡಿಕ್ಕಿಗೆ ಹೊಂದುತ್ತದೆಯೇ?
4. ದಿನವೂ ತಳ್ಳುವವರು ಎರಡು ಸೀಟಿನ ಗಾಡಿಯನ್ನು ತಾವೇ ಮಡಚಿ ಎತ್ತಬಲ್ಲರೇ?
5. ಅಡಾಪ್ಟರ್ ಮತ್ತು ಬಿಡಿಭಾಗ ಈಗಲೇ ಸಿಗುತ್ತವೆಯೇ?

ಐದಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಕನ್ವರ್ಟಿಬಲ್ ಸ್ಟ್ರೋಲರ್ ಒಳ್ಳೆಯ ಆಯ್ಕೆ. ಎರಡು ಮೂರಕ್ಕೆ ಸಿಗದಿದ್ದರೆ ಹಳೆಯ ಗಾಡಿಗೆ ಒಂದು ನಿಲ್ಲುವ ಹಲಗೆ ಅಥವಾ ಎದೆಚೀಲ ಸೇರಿಸಿಕೊಂಡು, ಉಳಿದ ಹಣವನ್ನು ಮಕ್ಕಳ ಬೇರೆ ಅಗತ್ಯಗಳಿಗೆ ಇಟ್ಟುಕೊಳ್ಳುವುದು ಜಾಣತನ. ದುಬಾರಿ ಗಾಡಿ ಇಲ್ಲವೆಂದು ಯಾವ ತಂದೆತಾಯಿಯೂ ಕೀಳರಿಮೆ ಪಡಬೇಕಾಗಿಲ್ಲ. ಮಕ್ಕಳಿಗೆ ಬೇಕಾದುದು ಭದ್ರವಾಗಿ ಕುಳಿತುಕೊಳ್ಳುವ ಒಂದು ಜಾಗ ಮತ್ತು ತಳ್ಳುವವರ ಪೂರ್ಣ ಗಮನ.